ಬಸಿಗಾಲುವೆಗೆ ಮಟ್ಟೆ ತುಂಬಿದವಳು

ಮಳೆ ಶುರುವಾದರೆ ಜನ ಒಳಗೆ ಓಡುತ್ತಾರೆ, ನಾನು ಹೊರಗೆ ಓಡುತ್ತೇನೆ. ನಾಲ್ಕು ಹನಿ ಬಿದ್ದು ಮಣ್ಣಿನ ವಾಸನೆ ಏಳುವಷ್ಟರಲ್ಲಿ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸಲಿಕೆ ಹಿಡಿದು, ತೋಟದ ಬಸಿಗಾಲುವೆಯ ಪಕ್ಕ ನಿಂತಿರುತ್ತೇನೆ. ಬಸಿಗಾಲುವೆ ಅಂದರೆ ದೊಡ್ಡದೇನಲ್ಲ. ಹೆಚ್ಚಾದ ನೀರು ಬಸಿದು ಹೊರಗೆ ಹೋಗಲಿ ಎಂದು ತೆಂಗಿನ ಸಾಲುಗಳ ನಡುವೆ ಮೊಣಕಾಲಾಳಕ್ಕೆ ತೋಡಿದ ಕಾಲುವೆ. ಅದರಲ್ಲಿ ಮೊದಲ ನೀರು ಒಣಹುಲ್ಲನ್ನೂ ಇರುವೆಗಳನ್ನೂ ಯಾರೋ ಸೇದಿ ಎಸೆದ ಬೀಡಿಯ ತುಂಡನ್ನೂ ತಳ್ಳಿಕೊಂಡು ಬರುತ್ತದಲ್ಲ, ಅದನ್ನು ನೋಡುವುದರ ಮುಂದೆ ನನಗೆ ಯಾವ ಸಿನಿಮಾವೂ ಬೇಡ. ನೀರು ಎಲ್ಲಾದರೂ ಕಸಕ್ಕೆ ಸಿಕ್ಕಿ ತಡವರಿಸಿದರೆ ಸಲಿಕೆಯಿಂದ ಒಮ್ಮೆ ಮೀಟುತ್ತೇನೆ. ಅದು ಮತ್ತೆ ಓಡುತ್ತದೆ. ನಾನೂ ಜೊತೆಗೆ ಓಡುತ್ತೇನೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ, ಐವತ್ತರ ಹತ್ತಿರದ ಹೆಂಗಸು ಹೀಗೆ ಕೆಸರಿನಲ್ಲಿ ಓಡುವುದು ಶೋಭೆಯಲ್ಲ ಎಂದು ನಮ್ಮವರು ಮೊದಮೊದಲು ಹೇಳುತ್ತಿದ್ದರು. ಈಗ ಹೇಳುವುದಿಲ್ಲ. ಸ್ಟಾಫ್ ರೂಮಿನಲ್ಲಂತೂ ಮೋಡ ಕಟ್ಟಿದರೆ ಸಾಕು, ನನ್ನ ಕೊನೆಯ ಪೀರಿಯಡ್ ಯಾರು ತೆಗೆದುಕೊಳ್ಳಬೇಕು ಎಂಬ ಮಾತು ನಾನು ಕೇಳುವ ಮುಂಚೆಯೇ ನಡೆದಿರುತ್ತದೆ.

ಇದು ಹುಟ್ಟುಗುಣವಲ್ಲ. ನನ್ನ ತವರು ಹುಳಿಯಾರಿನ ಕಡೆ. ಅಲ್ಲಿ ನೀರು ಹೋಗುವುದನ್ನು ನೋಡಿ ಖುಷಿಪಡುವುದು ಹೆಚ್ಚುಕಡಿಮೆ ಪಾಪದ ಸಮ. ಮಳೆ ಬಂತೆಂದರೆ ನಮ್ಮಜ್ಜಿ ಮನೆಯಲ್ಲಿದ್ದ ಬಿಂದಿಗೆ, ದಬರಿ, ಕೊಳದಪ್ಪಲೆ ಎಲ್ಲವನ್ನೂ ಸೂರಿನ ಕೆಳಗೆ ಸಾಲಾಗಿ ಇಡುತ್ತಿದ್ದಳು. ಪಾತ್ರೆ ಮುಗಿದರೂ ಮಳೆ ಮುಗಿಯದಿದ್ದರೆ ಅವಳಿಗೆ ಸಂಕಟ. ಒಮ್ಮೆ ಒಲೆಯ ಮೇಲಿದ್ದ ಸಾರನ್ನು ತಟ್ಟೆಗಳಿಗೆ ಸುರಿದು, ಆ ಪಾತ್ರೆಯನ್ನೂ ಒಯ್ದು ಇಟ್ಟಿದ್ದಳು. ಆ ದಿನ ನಾವೆಲ್ಲ ಮಧ್ಯಾಹ್ನ ಮೂರು ಗಂಟೆಗೇ ರಾತ್ರಿಯ ಊಟ ಮಾಡಿದೆವು. ಅಪ್ಪನದು ಬೇರೆ ಹುಚ್ಚು. ಎರಡು ದಿನ ಮಳೆ ಹಿಡಿದರೆ ಅಂಗಡಿಯ ಬಾಗಿಲು ಹಾಕಿ, ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು, ಬೋರನಕಣಿವೆ ಜಲಾಶಯಕ್ಕೆ ನೀರು ಎಷ್ಟು ಬಂತು ಎಂದು ನೋಡಲು ಹೊರಡುತ್ತಿದ್ದರು. ಬಂದಿರುತ್ತಿದ್ದುದು ಬಹುಪಾಲು ಕೆಸರು. ಆದರೂ ಏರಿಯ ಮೇಲೆ ಸಿಕ್ಕವರೆಲ್ಲ ನೆಂಟರ ಮನೆಯ ಮದುವೆಗೆ ಬಂದವರ ಹಾಗೆ ಒಬ್ಬರನ್ನೊಬ್ಬರು ಮಾತನಾಡಿಸುತ್ತಿದ್ದರು. ಮಕ್ಕಳಾದ ನಮ್ಮ ಆಟವೂ ಅದೇ. ಬೀದಿಯಲ್ಲಿ ನೀರು ಹರಿದರೆ ಮಣ್ಣು ಒಟ್ಟಿ ಕಟ್ಟೆ ಕಟ್ಟುವುದು. ಕಟ್ಟೆ ಒಡೆಯದೆ ಯಾರದು ಹೆಚ್ಚು ಹೊತ್ತು ನಿಂತಿತೋ ಅವರೇ ಗೆದ್ದವರು. ನನ್ನದು ಒಡೆದದ್ದು ನನಗೆ ನೆನಪಿಲ್ಲ. ಬೇರೆಯವರಿಗೆ ನೆನಪಿರಬಹುದು.

ಇಂಥ ಊರಿನ ಹುಡುಗಿಯನ್ನು ಮಾಯಸಂದ್ರದ ಕಡೆಯ ತೆಂಗಿನ ತೋಟಕ್ಕೆ ಸೊಸೆಯಾಗಿ ತಂದರು. ಮದುವೆಯಾದ ವಾರದಲ್ಲೇ ಅತ್ತೆ ತೋಟ ತೋರಿಸಲು ಕರೆದುಕೊಂಡು ಹೋದರು. ಮೇಲಿನ ಹೊಲಗಳಿಂದ ಇಳಿಜಾರಾಗಿ ಬಂದು, ಕೆಳತುದಿಯಲ್ಲಿ ನಮ್ಮ ಮನೆ, ಅದರ ಪಕ್ಕದಲ್ಲಿ ಕೊಬ್ಬರಿ ಮನೆ, ಅಲ್ಲಿಗೆ ಒಂದು ಬದು. ಬದುವಿನ ಆಚೆ ರುದ್ರಣ್ಣನವರ ತೋಟ, ಅದರಾಚೆ ಹಳ್ಳ. ನಡುವೆ ಉದ್ದಕ್ಕೆ ಒಣಗಿ ಬಿದ್ದಿದ್ದ ಕಾಲುವೆಯನ್ನು ನೋಡಿ ಇದು ಯಾತಕ್ಕೆ ಎಂದೆ. ನೀರು ಆಚೆಗೆ ಹೋಗಲಿ ಅಂತ, ಎಂದರು ಅತ್ತೆ. ನಾನು ನಿಂತುಬಿಟ್ಟೆ. ಬಂದ ನೀರನ್ನು ದಾರಿ ಮಾಡಿ ಕಳಿಸಿಕೊಡುತ್ತಾರೆಯೇ? ಎಂಥ ಸಿರಿವಂತರ ಮನೆಗೆ ಬಂದೆ ಎಂದು ಹೆಮ್ಮೆಯಾಯಿತು, ಎಂಥ ದಡ್ಡರ ಮನೆಗೆ ಬಂದೆ ಎಂದೂ ಅನ್ನಿಸಿತು.

ಆ ಕಾಲುವೆಗೆ ಒಂದು ಕಟ್ಟಳೆ ಇತ್ತು. ಗೌರಿ ಹಬ್ಬ ಕಳೆದ ಮೇಲೆ, ದೊಡ್ಡ ಮಳೆಗಳು ಬರುವ ಮುಂಚೆ ಒಂದು ದಿನ ನಮ್ಮ ಮನೆಯವರು ಅದರ ಹೂಳು ತೆಗೆಯಬೇಕು. ನಮ್ಮ ತೋಟದಲ್ಲಿ ಮಾತ್ರವಲ್ಲ, ರುದ್ರಣ್ಣನ ತೋಟದಲ್ಲೂ, ಹಳ್ಳ ಮುಟ್ಟುವವರೆಗೆ. ನೀರು ನಮ್ಮದಾದ್ದರಿಂದ ದುಡಿಮೆ ನಮ್ಮದು, ನೆಲ ಅವರದಾದ್ದರಿಂದ ಊಟ ಅವರದು. ನಮ್ಮ ಮಾವನವರ ಕಾಲಕ್ಕೂ ಹಿಂದೆ ಯಾರೋ ಮಾಡಿಕೊಂಡ ಒಪ್ಪಂದವಂತೆ. ಆ ದಿನ ರುದ್ರಣ್ಣನ ಮನೆಯಲ್ಲಿ ಒತ್ತುಶಾವಿಗೆ, ಕಾಯಿಹಾಲು. ಕಾಯಿಹಾಲಿಗೆ ಏಲಕ್ಕಿ ಹಾಕಿ, ಬೆಲ್ಲ ಸ್ವಲ್ಪ ಮುಂದಾಗಿಯೇ ಹಾಕಿ, ಉಂಡವರು ಮತ್ತೆ ಕಾಲುವೆಗೆ ಇಳಿಯಲಾರದೆ ಮರದ ಬುಡದಲ್ಲಿ ಮಲಗುವ ಹಾಗೆ ಬಡಿಸುತ್ತಿದ್ದರು. ರುದ್ರಣ್ಣ ಹೆಚ್ಚು ಮಾತಿನವರಲ್ಲ. ಊಟ ಆಯಿತೇ ಎಂದು ಕೇಳಿದರೂ ಒಮ್ಮೆ ಸೂರ್ಯನನ್ನು ನೋಡಿಯೇ ಉತ್ತರ ಹೇಳುವ ಮನುಷ್ಯ. ಆ ಒಂದು ದಿನ ಮಾತ್ರ ಎಲೆಯ ಮುಂದೆ ನಿಂತು, ಹಾಕಿಸಿಕೊಳ್ಳಿ ಹಾಕಿಸಿಕೊಳ್ಳಿ ಎಂದು ಬಲವಂತ ಮಾಡುತ್ತಿದ್ದರು.

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಬಂದವು. ಬೋರ್‌ವೆಲ್ ಗಾಳಿ ಉಗುಳಿತು, ಮರಗಳ ಗರಿಗಳು ಜೋತುಬಿದ್ದವು. ಎಲ್ಲರೂ ಕಂಗಾಲಾಗಿದ್ದಾಗ ನನ್ನ ಕಾಲ ಬಂತು ಎಂದು ನನಗನ್ನಿಸಿತು. ಎಂಟನೇ ತರಗತಿಗೆ ಜಲ ಸಂರಕ್ಷಣೆಯ ಪಾಠವನ್ನು ವರ್ಷಾ ವರ್ಷಾ ಮಾಡುವವಳು ನಾನು, ನನ್ನ ಮನೆಯಲ್ಲೇ ನೀರು ಹೊರಗೆ ಹೋಗಲು ಸರಾಗವಾದ ದಾರಿ! ಕಾಯಿ ಸುಲಿದು ಉಳಿದ ಮಟ್ಟೆ ನಮ್ಮಲ್ಲಿ ಗುಡ್ಡೆಗಟ್ಟಲೆ ಬಿದ್ದಿರುತ್ತದೆ. ಅದನ್ನು ಬಸಿಗಾಲುವೆಯ ತುಂಬ ಒತ್ತಾಗಿ ಜೋಡಿಸಿ ಮಣ್ಣು ಮುಚ್ಚಿದರೆ, ಬಿದ್ದ ಹನಿಯನ್ನೆಲ್ಲ ಹೀರಿ ಬೇರಿಗೆ ಕೊಡುತ್ತದೆ. ನಮ್ಮವರು ಯೋಚಿಸೋಣ ಎಂದರು. ಅತ್ತೆ ಒಂದೇ ಮಾತು ಹೇಳಿದರು.

"ಬರ್ದೆ ಇದ್ರೂ ನೀರಿಗೊಂದ್ ದಾರಿ ಬುಟ್ಟಿರ್ಬೇಕು ಕಣಮ್ಮ. ನೆಂಟ್ರು ಬರ್ಲಿಲ್ಲ ಅಂತ ಬಾಗ್ಲಿಗೆ ಗೋಡೆ ಕಟ್ಕತಾರಾ?"

ನಾನು ಅಂತರ್ಜಲದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಅತ್ತೆ ಎದ್ದು ಹಸುವಿಗೆ ನೀರು ಕುಡಿಸಲು ಹೋದರು. ಅದನ್ನು ಒಪ್ಪಿಗೆ ಎಂದುಕೊಂಡೆ.

ಉಪಾಯ ಫಲಿಸಿದ್ದೂ ನಿಜ, ಅದನ್ನು ಹೇಳದಿದ್ದರೆ ನನಗೆ ನಾನೇ ಅನ್ಯಾಯ ಮಾಡಿಕೊಂಡ ಹಾಗೆ. ಕಾಲುವೆಯ ಎರಡೂ ಪಕ್ಕದ ಮರಗಳು ಚೇತರಿಸಿಕೊಂಡವು. ಶಾಲೆಯ ಕಾರ್ಯಕ್ರಮವೊಂದರಲ್ಲಿ ನಾನು ಈ ಕುರಿತು ಭಾಷಣವನ್ನೂ ಮಾಡಿದೆ, ಯಾರೂ ಕೇಳದಿದ್ದರೂ. ಆದರೆ ಕಾಲುವೆಯೇ ಇಲ್ಲದ ಮೇಲೆ ಹೂಳು ತೆಗೆಯುವುದೆಲ್ಲಿ? ಆ ವರ್ಷ ಗೌರಿ ಹಬ್ಬ ಕಳೆದರೂ ನಮ್ಮವರು ರುದ್ರಣ್ಣನ ತೋಟಕ್ಕೆ ಇಳಿಯಲಿಲ್ಲ, ಶಾವಿಗೆಯ ಊಟವೂ ಇಲ್ಲ. ಮರುವರ್ಷ ರುದ್ರಣ್ಣ ತಮ್ಮ ಪಾಲಿನ ಒಣಕಾಲುವೆಯನ್ನು ಮುಚ್ಚಿ, ಬದುವಿನ ಪಕ್ಕದಿಂದ ಸಾಲಾಗಿ ಮೂರು ತೆಂಗಿನ ಸಸಿ ಇಟ್ಟರು. ಜಗಳವೇನೂ ಆಗಲಿಲ್ಲ. ಮಾತಾಡಲು ಒಂದು ನೆಪ ಹೋಯಿತು, ಅಷ್ಟೇ. ನಾಲ್ಕು ವರ್ಷದಲ್ಲಿ ನಮ್ಮ ಎರಡು ಮನೆಗಳ ನಡುವೆ ಉಳಿದದ್ದು ದೂರದಿಂದ ತಲೆಯಾಡಿಸುವುದೊಂದೇ. ಅದನ್ನು ನಾನು ಗಮನಿಸಲೂ ಇಲ್ಲ ನೋಡಿ. ನನ್ನ ಗಮನವೆಲ್ಲ ಅಂತರ್ಜಲದ ಕಡೆಗಿತ್ತು.

ಈಗ ಚಿತ್ತೆ ಮಳೆಯ ವಿಷಯ. ಚಿತ್ತೆ ಕುರುಡು ಎಂದು ನಮ್ಮ ಕಡೆ ಹೇಳುತ್ತಾರೆ, ಎಲ್ಲಿ ಬೀಳುತ್ತದೋ ಅದಕ್ಕೇ ಗೊತ್ತಿರುವುದಿಲ್ಲವಂತೆ. ಇವತ್ತಿಗೆ ನಾಲ್ಕು ವರ್ಷದ ಹಿಂದೆ ಅದು ಮೂರು ದಿನ ನಮ್ಮ ಮೇಲೆಯೇ ಬಿತ್ತು. ಶಾಲೆಗೆ ಮಳೆ ರಜೆ. ನಮ್ಮವರು ಕೊಬ್ಬರಿಯ ಕೆಲಸದ ಮೇಲೆ ತಿಪಟೂರಿಗೆ ಹೋಗಿದ್ದರು. ನಾನು ಮನೆಯ ಪಾತ್ರೆಗಳನ್ನೆಲ್ಲ ಸೂರಿನ ಕೆಳಗೆ ಇಟ್ಟು, ನಮ್ಮಜ್ಜಿಯನ್ನು ನೆನೆಯುತ್ತ, ತೋಟದಲ್ಲಿ ನಿಂತ ನೀರನ್ನು ನೋಡಿ ಕುಣಿಯುವುದೊಂದು ಬಾಕಿ. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅತ್ತೆ ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಹೊರಗೆ ಹೋದವರು, ವಾಪಸು ಬಂದು, ಸಮಾಧಾನವಾಗಿಯೇ, ಕೊಬ್ಬರಿ ಮನೆಯ ಗೋಡೆಯನ್ನು ಒಮ್ಮೆ ನೋಡು ಬಾ ಎಂದರು.

ಕೊಬ್ಬರಿ ಮನೆ ಮಣ್ಣಿನ ಗೋಡೆಯದು. ಗೋಡೆಗಳ ಮೇಲೆ ಅಟ್ಟ, ಅಟ್ಟದ ತುಂಬ ವರ್ಷದ ಕಾಯಿ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಮುಟ್ಟದೆ ಬಿಡಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಡಲೊಡ ಎನ್ನಬೇಕು. ನಮ್ಮ ಅಟ್ಟದ್ದು ಆಗಷ್ಟೇ ಲೊಡಲೊಡ ಎನ್ನಲು ಶುರುವಾಗಿತ್ತು. ಮೇಲಿನ ಹೊಲಗಳ ನೀರೆಲ್ಲ ನಮ್ಮ ತೋಟಕ್ಕೆ ಇಳಿದು, ಹೋಗಲು ದಾರಿಯಿಲ್ಲದೆ, ಆ ಗೋಡೆಯ ಬುಡದಲ್ಲಿ ಒಂದು ಗೇಣು ನಿಂತಿತ್ತು. ನೋಡುತ್ತಿದ್ದ ಹಾಗೆಯೇ ಬುಡದ ಒಂದು ಹಿಡಿ ಮಣ್ಣು ನೀರಿಗೆ ಜಾರಿತು. ಗೋಡೆ ಕೂತರೆ ಅಟ್ಟ ಉಳಿಯುವುದಿಲ್ಲ, ಅಟ್ಟ ಬಿದ್ದರೆ ಆ ವರ್ಷ ನಮ್ಮದಲ್ಲ. ಬಾಲ್ಯದಲ್ಲಿ ಒಡೆಯದ ಕಟ್ಟೆ ಕಟ್ಟುವುದರಲ್ಲಿ ಗೆಲ್ಲುತ್ತಿದ್ದವಳು ಕೊನೆಗೂ ಒಂದು ದೊಡ್ಡ ಕಟ್ಟೆ ಕಟ್ಟಿ ಗೆದ್ದಿದ್ದೆ.

ಸಲಿಕೆ ತಂದು ಕಾಲುವೆ ಬಗೆಯಲು ಶುರುಮಾಡಿದೆ. ಮೇಲುಗಡೆ ಹೇಗಿದ್ದರೂ ಇರಲಿ, ಗೋಡೆಯ ಪಕ್ಕದಿಂದ ಬದುವಿನವರೆಗೆ ತೆಗೆದರೆ ಸಾಕಿತ್ತು. ಮಟ್ಟೆ ನಾಲ್ಕು ವರ್ಷ ನೀರು ಕುಡಿದು ಊದಿ, ಬೇರುಗಳು ಹೆಣೆದುಕೊಂಡು, ಕಂಬಳಿಯ ಹಾಗೆ ಎದ್ದು ಬರುತ್ತಿತ್ತು. ಅತ್ತೆ ಪಕ್ಕದಲ್ಲಿ ನಿಂತು, ನಾನು ಎತ್ತಿದ್ದನ್ನು ಕೈಯಿಂದ ಎಳೆದು ಹಾಕುತ್ತಿದ್ದರು. ಅಂತರ್ಜಲದ ಮಾತು ಅವರು ಎತ್ತಲಿಲ್ಲ. ಅಷ್ಟರಲ್ಲಿ ಇನ್ನೊಂದು ತಮಾಷೆ. ವಾರದ ಹಿಂದೆ ಕೆಡವಿ ಮರದ ಬುಡದಲ್ಲಿ ಗುಡ್ಡೆ ಹಾಕಿದ್ದ ಕಾಯಿಗಳು ತೇಲಿಕೊಂಡು ಒಂದರ ಹಿಂದೆ ಒಂದು ನಮ್ಮ ಕಡೆಗೇ ಬಂದವು. ನೆಲದ ಮೇಲೆ ಬಿದ್ದರೆ ತಲೆ ಒಡೆಯುವಂಥವು, ನೀರಿನಲ್ಲಿ ಬಾತುಕೋಳಿಗಳು! ಅವು ನನ್ನ ಕಾಲಿಗೆ ಬಡಿಯುತ್ತಿದ್ದರೆ, ಆ ಭಯದಲ್ಲೂ ನನಗೆ ನಗು ಬಂತು ಎಂದರೆ ನೀವು ನಂಬಬೇಕು.

ಬದು ಸಿಕ್ಕಿತು. ಅದನ್ನು ಕಡಿಯುವುದೊಂದೇ ಉಳಿದದ್ದು. ಸಲಿಕೆ ಎತ್ತಿದವಳು ಆಚೆ ನೋಡಿದೆ. ಎದುರಿಗೇ ಆಳೆತ್ತರಕ್ಕೆ ಬೆಳೆದ ಆ ಮೂರು ಸಸಿಗಳು, ಕಾಲುವೆ ಇದ್ದ ಜಾಗದಲ್ಲೇ. ಬದು ಕಡಿದರೆ ಅಲ್ಲಿ ದಾರಿಯಿಲ್ಲದ ನೀರು ರುದ್ರಣ್ಣನ ತೋಟಕ್ಕೆಲ್ಲ ನುಗ್ಗುತ್ತದೆ. ಕಡಿಯದಿದ್ದರೆ ಗೋಡೆ. ಅತ್ತೆ ನನ್ನ ಸಲಿಕೆಯ ಕಾವು ಹಿಡಿದುಕೊಂಡರು.

"ಕೇಳ್ದೆ ಕಡೀಬ್ಯಾಡ. ಗೋಡೆ ಹೋದ್ರೆ ಇನ್ನೊಂದ್ ಕಟ್ಕಬೋದು."

ಕೇಳಲು ನಾನು ಬದು ಹತ್ತಿ ಓಡಬೇಕು ಎನ್ನುವಷ್ಟರಲ್ಲಿ ರುದ್ರಣ್ಣನೇ ಹಾರೆ ಹಿಡಿದು ಆ ಕಡೆಯಿಂದ ಬಂದರು. ನೀರು ಎಲ್ಲಿಯವರೆಗೆ ಬಂದಿದೆ ಎಂದು ಕೇಳಿದರು. ಗೋಡೆಗೆ ಗೇಣುದ್ದ ಎಂದೆ. ಅವರು ಸಸಿಗಳನ್ನು ನೋಡಿದರು, ಕೊಬ್ಬರಿ ಮನೆಯನ್ನು ನೋಡಿದರು. ತಪ್ಪು ನನ್ನದು ರುದ್ರಣ್ಣ, ಮೊದಲು ಮುಚ್ಚಿದವಳು ನಾನು ಎಂದೆ.

"ನೀರಿನ್ ಜಾಗದಾಗೆ ಸಸಿ ಇಟ್ಟೋನು ನಾನೂ ಅಲ್ವಾ ಟೀಚರಮ್ಮ. ಅದ್ನ ಆಮೇಲ್ ಮಾತಾಡಾನ. ಈಗ ಟಾರ್ಪಾಲು ತಗಂಡ್ ಬನ್ನಿ."

ಸಸಿಯನ್ನು ಕಿತ್ತೆಸೆಯುತ್ತಾರೆ ಎಂದುಕೊಂಡಿದ್ದೆ. ಇಲ್ಲ. ತೆಂಗಿನ ನಾಡಿನ ಮನುಷ್ಯ ಅದನ್ನು ಮಾಡಲಾರ. ಆ ಸುರಿಯುವ ಮಳೆಯಲ್ಲಿ ಸುತ್ತ ಗುಂಡಿ ತೋಡಿ, ಬುಡದ ಮಣ್ಣು ಉದುರದ ಹಾಗೆ ಬೇರಿನ ಉಂಡೆಯನ್ನು ಸಡಿಲಿಸಿ, ನಾವು ಕೊಬ್ಬರಿ ಒಣಗಿಸುವ ಟಾರ್ಪಾಲಿನ ಮೇಲೆ ಮಲಗಿಸಿ, ಇಬ್ಬರೂ ಎಳೆದು ಬದುವಿನ ಮೇಲಕ್ಕೆ ತಂದೆವು. ಮೊದಲನೆಯದಕ್ಕೆ ಕಾಲು ಗಂಟೆ ಹಿಡಿಯಿತು. ಎರಡನೆಯದಕ್ಕೂ ಅಷ್ಟೇ. ನನಗೆ ಒಂದು ಕಣ್ಣು ಗೋಡೆಯ ಮೇಲೆ. ಬೇಗ ಎಂಬ ಮಾತು ಬಾಯಿಗೆ ಬರುತ್ತಿತ್ತು, ಎನ್ನಲು ಮುಖವಿರಲಿಲ್ಲ. ಮೂರನೆಯದಕ್ಕೆ ಕೈ ಹಚ್ಚಿದಾಗ ಕೊಬ್ಬರಿ ಮನೆಯ ಮೂಲೆಯಿಂದ ಒಂದು ಹೆಂಟೆ ದೊಪ್ಪನೆ ಬಿತ್ತು, ಅಟ್ಟದ ಮೇಲೆ ಕಾಯಿಗಳು ಒಮ್ಮೆ ಉರುಳಿದ ಸದ್ದಾಯಿತು. ರುದ್ರಣ್ಣ ತಿರುಗಿ ನೋಡಿದರು. ಆ ಸಸಿಯ ಸುಳಿಯನ್ನು ಒಮ್ಮೆ ಅಂಗೈಯಿಂದ ಸವರಿದರು. ಆಮೇಲೆ ಹಾರೆಯಿಂದ ಬುಡಕ್ಕೆ ಎರಡು ಏಟು ಹಾಕಿ ಕಿತ್ತು ಪಕ್ಕಕ್ಕೆ ಹಾಕಿದರು. ನಾನು ಆ ಕಡೆ ನೋಡಲಿಲ್ಲ.

ಮುಚ್ಚಿದ್ದ ಕಾಲುವೆಯ ಮಣ್ಣು ಮೆತ್ತಗಿತ್ತು. ಸಸಿಗಳ ಗುಂಡಿಗಳನ್ನು ಒಂದಕ್ಕೊಂದು ಕೂಡಿಸಿ, ಮುಂದಕ್ಕೆ ಒಂದು ಗೀರು ಎಳೆದು, ರುದ್ರಣ್ಣ ನನಗೆ ಕೈಸನ್ನೆ ಮಾಡಿದರು. ನಾನು ಬದು ಕಡಿದೆ. ಅಯ್ಯೋ, ಅದನ್ನು ಹೇಗೆ ಹೇಳಲಿ ನಿಮಗೆ. ಮೊದಲು ಬೆರಳಷ್ಟು ಗಾತ್ರದ ನೀರು ಹೋಯಿತು, ಆಮೇಲೆ ತೊಡೆಯಷ್ಟು, ಆಮೇಲೆ ಬದುವೇ ಮಾರಗಲ ಬಾಯಿಬಿಟ್ಟು ಭೋರೆಂದು ನುಗ್ಗಿತು. ಹಿಂದಿನವರು ತೋಡಿದ್ದ ದಾರಿ ನೀರಿಗೆ ನೆನಪಿತ್ತೋ ಏನೋ, ಮೆತ್ತನೆಯ ಮಣ್ಣನ್ನು ತಾನೇ ಕೊರೆದುಕೊಂಡು ನೆಟ್ಟಗೆ ಹಳ್ಳದ ಕಡೆಗೆ ಹೊರಟಿತು, ರುದ್ರಣ್ಣನ ತೋಟದ ಇನ್ನೊಂದು ಮರದ ಬುಡವನ್ನೂ ಮುಟ್ಟದೆ. ತೇಲುವ ಕಾಯಿಗಳು ಬಂದು ಬದುವಿನ ಬಾಯಿಗೆ ಒಂದರ ಮೇಲೊಂದು ಸಿಕ್ಕಿಕೊಂಡವು. ನಾನು ಅದರೊಳಗೇ ಇಳಿದು ಕಾಲಿನಿಂದ ಒದ್ದು ಒದ್ದು ಅವನ್ನು ಆಚೆ ಕಳಿಸಿದೆ. ಕಾಯಿ ಹೋಗುತ್ತಿದೆ ಎಂಬ ದುಃಖವೇ ಇಲ್ಲ. ನೀರು ಹೋಗುತ್ತಿದೆ, ಹೋಗುತ್ತಿದೆ ಎಂದು ಮಗುವಿನ ಹಾಗೆ ಕೂಗುತ್ತಿದ್ದೆನಂತೆ. ಇದನ್ನು ಅತ್ತೆ ಇಂದಿಗೂ ಬಂದವರಿಗೆಲ್ಲ ಹೇಳುತ್ತಾರೆ. ಅರ್ಧ ಗಂಟೆಯಲ್ಲಿ ಗೋಡೆಯ ಬುಡದ ಒದ್ದೆ ಗೀಟು ಕಾಣಿಸಿತು. ಗೋಡೆ ನಿಂತಿತು.

ಸಂಜೆ ಮಳೆ ಬಿಟ್ಟ ಮೇಲೆ ಸಸಿಗಳ ಪ್ರಶ್ನೆ ಬಂತು. ರುದ್ರಣ್ಣನ ಸಾಲುಗಳಲ್ಲಿ ಜಾಗವಿಲ್ಲ. ಎಲ್ಲಾದರೂ ಬದಿಗೆ ನೆಟ್ಟುಕೊಳ್ಳುತ್ತೇನೆ ಬಿಡಿ ಎಂದರು. ಅತ್ತೆ ಅವರನ್ನು ನಮ್ಮ ಬಚ್ಚಲ ಹಿಂದಕ್ಕೆ ಕರೆದುಕೊಂಡು ಹೋದರು. ತೆಂಗು ಬೆಳೆಯುವವರಿಗೆ ಬಚ್ಚಲ ನೀರು ಬೀಳುವ ಜಾಗದ ಬೆಲೆ ಗೊತ್ತು. ಊರಲ್ಲೆಲ್ಲ ಬರ ಬಂದರೂ ಬಚ್ಚಲ ಮರಕ್ಕೆ ಬರವಿಲ್ಲ. ಅಲ್ಲಿದ್ದ ಮುದಿಮರ ಬಿದ್ದ ಮೇಲೆ, ಒಳ್ಳೆಯ ಬೀಜದ ಸಸಿ ಸಿಗಲಿ ಎಂದು ಅತ್ತೆ ಎರಡು ವರ್ಷದಿಂದ ಯಾರಿಗೂ ಕೊಡದೆ ಕಾಯ್ದಿದ್ದ ಜಾಗ ಅದು. ಇಲ್ಲಿ ನೆಡು, ನೆಲ ನಮ್ಮದು, ಮರ ನಿನ್ನದು ಎಂದುಬಿಟ್ಟರು. ರುದ್ರಣ್ಣ ಸೂರ್ಯನನ್ನು ಹುಡುಕಿದರು. ಮೋಡದಲ್ಲಿ ಅವನೂ ಕಾಣಲಿಲ್ಲ.

ನೆಟ್ಟ ಎರಡರಲ್ಲಿ ಒಂದು ತಿಂಗಳೊಳಗೆ ಸುಳಿ ಕೊಳೆತು ಹೋಯಿತು. ಇನ್ನೊಂದು ಒಂದು ವರ್ಷ ಮುನಿಸಿಕೊಂಡು ನಿಂತು, ಆಮೇಲೆ ಗರಿ ಬಿಚ್ಚಿತು. ಅಷ್ಟರಲ್ಲಿ ಬಸಿಗಾಲುವೆ ಮೊದಲಿನ ಹಾಗಾಗಿತ್ತು. ಮಟ್ಟೆಯನ್ನು ಈಗಲೂ ಬಳಸುತ್ತೇನೆ, ಮರಗಳ ಪಾತಿಯಲ್ಲಿ ಮಾತ್ರ. ಗೌರಿ ಹಬ್ಬ ಕಳೆದ ಮೇಲೆ ನಮ್ಮವರ ಜೊತೆ ನಾನೂ ರುದ್ರಣ್ಣನ ತೋಟಕ್ಕೆ ಇಳಿದು ಹೂಳು ತೆಗೆಯುತ್ತೇನೆ, ಶಾವಿಗೆಯನ್ನು ಎಲ್ಲರಿಗಿಂತ ಒಂದು ಸಲ ಹೆಚ್ಚಾಗಿಯೇ ಹಾಕಿಸಿಕೊಳ್ಳುತ್ತೇನೆ.

ಇದನ್ನೆಲ್ಲ ಇವತ್ತೇ ಬರೆಯಲು ಕಾರಣವಿದೆ. ಬೆಳಿಗ್ಗೆ ಹಲ್ಲುಜ್ಜುತ್ತ ಬಚ್ಚಲ ಹಿಂದೆ ಹೋದವಳು ತಲೆ ಎತ್ತಿದರೆ, ಆ ಮರದ ಕಂಕುಳಲ್ಲಿ ಹೊಂಬಾಳೆ! ಮೊದಲ ಹೊಂಬಾಳೆ, ಆಗಷ್ಟೇ ಬಿರಿದು ಹಳದಿ ತೋರಿಸುತ್ತಿತ್ತು. ಬಾಯಲ್ಲಿ ನೊರೆ ಇರುವಂತೆಯೇ ಬದುವಿಗೆ ಓಡಿ ರುದ್ರಣ್ಣನನ್ನು ಕೂಗಿದೆ. ಅವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಬಂದು, ಮರದ ಕೆಳಗೆ ನಿಂತು ಬಹಳ ಹೊತ್ತು ಮೇಲೆಯೇ ನೋಡಿದರು. ಮೊದಲ ಕಾಯಿ ದೇವರಿಗೆ, ಅದರಲ್ಲಿ ಯಾರದೂ ತಕರಾರಿಲ್ಲ. ತಕರಾರು ಶುರುವಾದದ್ದು ಎರಡನೆಯ ಕಾಯಿಯಿಂದ.

"ಮರ ನಿಂದು ಕಣಪ್ಪ, ಕಾಯಿ ನಿನ್ ಮನೇಗೆ" ಎಂದರು ಅತ್ತೆ.

"ನಿಮ್ ಬಚ್ಚಲ್ ನೀರು ಕುಡ್ದು ಬೆಳೆದೈತೆ ದೊಡ್ಡಮ್ಮ, ನಂದೆಂಗಾಯ್ತದೆ?"

ನೆಟ್ಟವನು ನೀನು ಎಂದರು ಇವರು. ನೆಲ ಕೊಟ್ಟವರು ನೀವು ಎಂದರು ಅವರು. ಹುಟ್ಟದ ಕಾಯಿಗೆ ಇಬ್ಬರ ದನಿಯೂ ಏರಿತು. ರಸ್ತೆಯಲ್ಲಿ ಹೋಗುತ್ತಿದ್ದ ಡೇರಿಯ ಹಾಲಿನವನು ಬೈಕು ನಿಲ್ಲಿಸಿ, ಜಮೀನಿನ ಜಗಳ ಎಂದುಕೊಂಡು, ಇಬ್ಬರೂ ಒಮ್ಮೆ ಸರ್ವೆ ಮಾಡಿಸಿಬಿಡಿ ಎಂದು ಬುದ್ಧಿ ಹೇಳಿದ. ಅವನ ಮಾತು ಯಾರಿಗೂ ಕೇಳಿಸಲಿಲ್ಲ. ರುದ್ರಣ್ಣ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಈ ಇಪ್ಪತ್ತು ವರ್ಷದಲ್ಲಿ ನಾನು ಕೇಳಿಯೇ ಇರಲಿಲ್ಲ. ನನ್ನನ್ನು ಕೇಳಿದ್ದರೆ ನ್ಯಾಯ ಹೇಳಿಬಿಡಬಹುದಿತ್ತು. ನಾನು ಬಾಯಿ ಹಾಕಲಿಲ್ಲ. ಹರಿಯುವುದನ್ನು ತಡೆದು ನಾನೊಮ್ಮೆ ಕೆಟ್ಟಿದ್ದೇನೆ.